ನಡುಗುವ ಗಾಳಿಯ ತಳದಿಂದ ಗ್ರಹಗಳ ಛಾಯಾಗ್ರಹಣ

ನಕ್ಷತ್ರಗಳು ಮಿನುಗುವುದನ್ನು ಕಂಡು ಕವಿಗಳು ಹಿಗ್ಗುವರು. ಖಗೋಳವೀಕ್ಷಕನಾದರೋ ಆಕಾಶದ ಕಡೆಗೊಮ್ಮೆ ನೋಡಿ, ಮಿನುಗು ಹೆಚ್ಚಾಗಿದ್ದರೆ ನಿಟ್ಟುಸಿರುಬಿಟ್ಟು ದೂರದರ್ಶಕಕ್ಕೆ ಮುಸುಕು ಹಾಕಿ ಒಳಗೆ ಹೋಗುವನು. ಮಿನುಗುವುದು ನಕ್ಷತ್ರವಲ್ಲ, ನಡುವಣ ಗಾಳಿ ಎಂಬುದು ಅವನಿಗೆ ಗೊತ್ತು. ಉರಿಯುವ ಒಲೆಯ ಮೇಲಿನ ಗಾಳಿಯ ಮೂಲಕ ಎದುರಿನ ಗೋಡೆಯನ್ನು ನೋಡಿದರೆ ಗೋಡೆಯೇ ಅಲುಗಿದಂತೆ ತೋರುವುದನ್ನು ವಾಚಕರು ಕಂಡಿರಬಹುದು. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಬಾಗಿಸುವುದಿಲ್ಲ. ನಮ್ಮ ತಲೆಯ ಮೇಲಿನ ವಾತಾವರಣದಲ್ಲಿ ಇಂಥ ಬಿಸಿ ತಂಪುಗಳ ಮುದ್ದೆಗಳು ಸದಾ ಉರುಳುತ್ತಿರುತ್ತವೆ. ಈ ಗಾಳಿಯ ಸಮುದ್ರದ ತಳದಲ್ಲಿ ನಿಂತು ಗ್ರಹವೊಂದರ ಚಿತ್ರವನ್ನು ತೆಗೆಯುವುದೆಂದರೆ, ಹರಿಯುವ ಹೊಳೆಯ ತಳದಲ್ಲಿ ಮಲಗಿದ ಮೀನು ದಡದ ಮೇಲಿನ ಮರದ ಎಲೆಗಳನ್ನು ಎಣಿಸಲೆತ್ನಿಸಿದಂತೆ.

ಎಣಿಸಬೇಕಾದ ಎಲೆಗಳಾದರೂ ಎಷ್ಟು ಸಣ್ಣವು! ಒಂದು ಡಿಗ್ರಿ ಕೋನವನ್ನು ೩,೬೦೦ ಭಾಗ ಮಾಡಿದರೆ ಸಿಕ್ಕುವ ಒಂದು ಭಾಗಕ್ಕೆ ವಿಕಲೆ ಎಂದು ಹೆಸರು. ನಮ್ಮ ಹತ್ತು ರೂಪಾಯಿಯ ನಾಣ್ಯವನ್ನು ಸುಮಾರು ಐದೂವರೆ ಕಿಲೋಮೀಟರು ದೂರದಲ್ಲಿ ಎತ್ತಿ ಹಿಡಿದರೆ ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಒಂದು ವಿಕಲೆ. ಗ್ರಹಗಳಲ್ಲೆಲ್ಲ ದೊಡ್ಡದಾದ ಗುರು ಭೂಮಿಗೆ ಅತಿ ಸಮೀಪದಲ್ಲಿದ್ದಾಗಲೂ ಅದರ ಬಿಂಬದ ಅಗಲ ೫೦ ವಿಕಲೆಗಳನ್ನು ದಾಟುವುದು ಅಪರೂಪ. ಮಂಗಳವು ಅನುಕೂಲವಾದ ವರ್ಷಗಳಲ್ಲಿ ೨೫ ವಿಕಲೆಗಳವರೆಗೆ ಬೆಳೆದು, ದೂರ ಸರಿದಾಗ ನಾಲ್ಕಕ್ಕಿಂತ ಕಡಿಮೆಗೆ ಕುಗ್ಗುವುದು.

ಬೆಳಕು ಅಲೆಗಳ ರೂಪದಲ್ಲಿ ಸಾಗುವುದರಿಂದ, ದೂರದರ್ಶಕದ ಕನ್ನಡಿ ಎಷ್ಟು ನಯವಾಗಿದ್ದರೂ ಅದು ಬಿಡಿಸಿ ತೋರಿಸಬಲ್ಲ ವಿವರಕ್ಕೆ ಒಂದು ಮಿತಿಯಿದೆ. ಕನ್ನಡಿ ದೊಡ್ಡದಾದಷ್ಟೂ ವಿವರ ಸೂಕ್ಷ್ಮವಾಗುವುದು. ೧೧೬ನ್ನು ಕನ್ನಡಿಯ ವ್ಯಾಸದ ಮಿಲಿಮೀಟರುಗಳಿಂದ ಭಾಗಿಸಿದರೆ ಈ ಮಿತಿ ವಿಕಲೆಗಳಲ್ಲಿ ದೊರೆಯುವುದೆಂಬ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಾದ್ರಿ ಡಾಸ್ ಎಂಬವರು ಹಾಕಿಕೊಟ್ಟರು. ಅದರಂತೆ ೨೦ ಸೆಂಟಿಮೀಟರಿನ ಕನ್ನಡಿಗೆ ೦.೫೮ ವಿಕಲೆ. ಗುರುವಿನ ಬಿಂಬದ ಅಡ್ಡಗಲದಲ್ಲಿ ಸುಮಾರು ಎಂಬತ್ತೈದು ಬೇರೆ ಬೇರೆ ಅಂಶಗಳನ್ನು ಅದು ಬಿಡಿಸಿ ತೋರಿಸಬೇಕು. ಆದರೆ ಗಾಳಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಸಾಮಾನ್ಯ ರಾತ್ರಿಗಳಲ್ಲಿ ಅದು ಪ್ರತಿಯೊಂದು ಬಿಂದುವನ್ನೂ ಒಂದೆರಡು ವಿಕಲೆಯಷ್ಟು ಅಗಲಕ್ಕೆ ಹರಡಿಬಿಡುವುದು. ಎಂಬತ್ತೈದು ಅಂಶಗಳ ಬದಲಾಗಿ ಇಪ್ಪತ್ತೈದೋ ಮೂವತ್ತೋ ಉಳಿಯುವುವು. ಐದು ಮೀಟರಿನ ಮಹಾ ದೂರದರ್ಶಕವಾದರೂ ಇಂಥ ರಾತ್ರಿ ನಿಧಾನವಾಗಿ ತೆಗೆದ ಚಿತ್ರದ ಸ್ಪಷ್ಟತೆಯಲ್ಲಿ ಶಾಲೆಯ ಹುಡುಗರ ದೂರದರ್ಶಕವನ್ನು ಮೀರಿಸಲಾರದು. ಈ ತೊಂದರೆ ಹೊಸದಾಗಿ ತಿಳಿದುದಲ್ಲ. ನ್ಯೂಟನ್ನನು ೧೭೦೪ರಲ್ಲಿ ಅಚ್ಚಾದ ತನ್ನ ಬೆಳಕಿನ ಗ್ರಂಥದಲ್ಲಿಯೇ ಇದನ್ನು ಪ್ರಸ್ತಾಪಿಸಿ, ಪ್ರಶಾಂತವಾದ ಗಾಳಿಯಿರುವ ಎತ್ತರದ ಬೆಟ್ಟಗಳನ್ನು ಏರುವುದೊಂದೇ ಪರಿಹಾರವೆಂದು ಸೂಚಿಸಿದ್ದನು.

ಆದರೂ ದೂರದರ್ಶಕಕ್ಕೆ ಕಣ್ಣಿಟ್ಟು ತಾಳ್ಮೆಯಿಂದ ಕುಳಿತವರು ಒಂದು ವಿಚಿತ್ರವನ್ನು ಬಲ್ಲರು. ಕುದಿಯುವಂತೆ ಕಾಣುತ್ತಿದ್ದ ಬಿಂಬ ಇದ್ದಕ್ಕಿದ್ದಂತೆ, ಕಣ್ಣು ಮಿಟುಕಿಸುವಷ್ಟು ಕಾಲ, ಕೆತ್ತಿದ ಹಾಗೆ ನಿಶ್ಚಲವಾಗುವುದು. ಆ ಕ್ಷಣದಲ್ಲಿ ಗುರುವಿನ ಪಟ್ಟೆಗಳ ಅಂಚಿನ ಕುಚ್ಚುಗಳೂ ಮಂಗಳನ ಕಪ್ಪು ಪ್ರದೇಶಗಳ ಒಳವಿವರಗಳೂ ಕಾಣಿಸಿಕೊಂಡು ಮತ್ತೆ ಕರಗುವುವು. ಕಣ್ಣು ಇಂಥ ಕ್ಷಣಗಳನ್ನು ಆರಿಸಿ ನೆನಪಿಟ್ಟುಕೊಳ್ಳಬಲ್ಲದು. ಛಾಯಾಚಿತ್ರದ ಫಲಕಕ್ಕೆ ಆ ಜಾಣತನವಿಲ್ಲ. ಅದಕ್ಕೆ ಗ್ರಹದ ಮಂದ ಬೆಳಕನ್ನು ಹೀರಿಕೊಳ್ಳಲು ಒಂದೆರಡು ಸೆಕೆಂಡುಗಳಾದರೂ ಬೇಕಾಗುತ್ತಿದ್ದುವು. ಅಷ್ಟರಲ್ಲಿ ಬಿಂಬ ನೂರು ಸಲ ನಡುಗಿ, ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿತ್ತು.

ಇದರಿಂದ ಹುಟ್ಟಿದ ಅನರ್ಥಕ್ಕೆ ಮಂಗಳನ ಕಾಲುವೆಗಳ ಕಥೆಯೇ ಸಾಕ್ಷಿ. ೧೮೭೭ರಲ್ಲಿ ಇಟಲಿಯ ಸ್ಕ್ಯಾಪರೆಲ್ಲಿ ಮಂಗಳನ ಮೇಲೆ ನೇರವಾದ ಗೆರೆಗಳನ್ನು ಕಂಡು ನಕ್ಷೆ ಬರೆದನು. ಅಮೆರಿಕದ ಪರ್ಸಿವಲ್ ಲೋವೆಲ್ ಅವುಗಳನ್ನು ಬುದ್ಧಿಜೀವಿಗಳು ತೋಡಿದ ನೀರಿನ ಕಾಲುವೆಗಳೆಂದೇ ಸಾರಿದನು. ಕಂಡವರು ಕಂಡೆವೆಂದರು, ಕಾಣದವರು ಇಲ್ಲವೆಂದರು. ಬರೆದದ್ದು ಕೈ, ನೋಡಿದ್ದು ಕಣ್ಣು, ತೀರ್ಪು ಹೇಳುವವರಾರು? ಛಾಯಾಚಿತ್ರವೇ ಹೇಳಲೆಂದು ಲೋವೆಲ್ಲನ ಸಹಾಯಕ ಲ್ಯಾಂಪ್‌ಲೆಂಡ್ ೧೯೦೫ರಲ್ಲಿ ಮಂಗಳನ ಚಿತ್ರಗಳನ್ನು ತೆಗೆದನು. ಚಿತ್ರಗಳು ತೀರ ಚಿಕ್ಕವು, ಫಲಕದ ಕಣಗಳಿಂದ ಒರಟಾದವು. ಅವುಗಳಲ್ಲಿ ಗೆರೆಗಳಿವೆಯೆಂದು ಲೋವೆಲ್ಲನ ಪಕ್ಷದವರೂ ಇಲ್ಲವೆಂದು ವಿರೋಧಿಗಳೂ ಅದೇ ಚಿತ್ರಗಳನ್ನೇ ತೋರಿಸಿ ವಾದಿಸಿದರು. ೧೯೦೯ರಲ್ಲಿ ಆಂತೋನಿಯಾದಿ ಪ್ಯಾರಿಸಿನ ಬಳಿಯ ಮ್ಯೂಡನ್ನಿನ ೮೩ ಸೆಂಟಿಮೀಟರು ದೂರದರ್ಶಕದಲ್ಲಿ, ಗಾಳಿ ಬಲು ಶಾಂತವಾಗಿದ್ದಾಗ, ಆ ಗೆರೆಗಳು ಒಡೆದು ಅಡ್ಡಾದಿಡ್ಡಿ ಮಚ್ಚೆಗಳಾಗಿ ತೋರುವುದನ್ನು ಕಂಡನು. ಅಲ್ಲಿಗೂ ವಾದ ಪೂರ್ತಿ ಅಡಗಲಿಲ್ಲ. ೧೯೬೫ರ ಜುಲೈಯಲ್ಲಿ ಮ್ಯಾರಿನರ್ ೪ ನೌಕೆ ಮಂಗಳದ ಪಕ್ಕದಲ್ಲಿ ಹಾದು ಚಿತ್ರಗಳನ್ನು ಕಳಿಸಿದಾಗ ಕಂಡದ್ದು ಕುಳಿಗಳು, ಕಾಲುವೆಯೊಂದೂ ಇರಲಿಲ್ಲ.

ಎಂದರೆ ಕಣ್ಣಿಗೆ ಚುರುಕಿದೆ, ಆದರೆ ಅದನ್ನು ಪೂರ್ತಿಯಾಗಿ ನಂಬುವಂತಿಲ್ಲ. ಫಲಕಕ್ಕೆ ಪಕ್ಷಪಾತವಿಲ್ಲ, ಆದರೆ ಅದು ಮಂದ. ಎರಡನ್ನೂ ಕೂಡಿಸುವುದು ಹೇಗೆ? ಪಿರನೀಸ್ ಪರ್ವತದ ಪಿಕ್ ದು ಮಿದಿ ವೀಕ್ಷಣಾಲಯದಲ್ಲಿ ಲ್ಯೋ ಮತ್ತು ಅವನ ಸಂಗಡಿಗರು ೧೯೪೦ರ ದಶಕದಲ್ಲಿ ಒಂದೇ ಗ್ರಹದ ಹಲವು ನೆಗೆಟಿವ್‌ಗಳಲ್ಲಿ ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದನ್ನು ಸರಿಯಾಗಿ ಕೂಡಿಸಿ ಅಚ್ಚು ತೆಗೆಯುವ ಶ್ರಮದ ಕೆಲಸವನ್ನು ಮಾಡಿದರು. ವಿಧಾನ ಸರಿಯಾದುದೇ. ಆದರೆ ಹತ್ತಾರು ಚಿತ್ರಗಳಿಂದ ಆಗುವುದು ಸ್ವಲ್ಪ, ಬೇಕಾದುದು ಸಾವಿರಾರು.

ಎಷ್ಟು ಸಾವಿರ ಬೇಕೆಂಬುದಕ್ಕೆ ಲೆಕ್ಕವಿದೆ. ಒಂದು ನಿರ್ದಿಷ್ಟ ರಾತ್ರಿಯಲ್ಲಿ ಗಾಳಿಯ ಅಡ್ಡಗಲದಲ್ಲಿ ಎಷ್ಟು ದೂರದವರೆಗೆ ಬೆಳಕಿನ ಅಲೆ ಹೆಚ್ಚು ಸುಕ್ಕಾಗದೆ ಇರುವುದೋ ಅದು ಆ ರಾತ್ರಿಯ ಗುಣವನ್ನು ತಿಳಿಸುವ ಅಳತೆ. ಬಿಂದುವನ್ನು ಎರಡು ವಿಕಲೆಗೆ ಹರಡುವ ರಾತ್ರಿಯಲ್ಲಿ ಇದು ಸುಮಾರು ಐದು ಸೆಂಟಿಮೀಟರು, ಒಂದು ವಿಕಲೆಯ ರಾತ್ರಿಯಲ್ಲಿ ಹತ್ತು. ದೂರದರ್ಶಕದ ವ್ಯಾಸ ಈ ಅಳತೆಯ ಎಷ್ಟು ಪಟ್ಟು ಎಂಬುದರ ಮೇಲೆ, ಕ್ಷಣಿಕವಾದ ಚಿತ್ರವೊಂದು ಅದೃಷ್ಟವಶಾತ್ ನಿರ್ಮಲವಾಗಿ ಬರುವ ಸಂಭವ ನಿಂತಿದೆ. ಅಮೆರಿಕದ ಡೇವಿಡ್ ಫ್ರೀಡ್ ೧೯೭೮ರಲ್ಲಿ ಇದನ್ನು ಗಣಿತದಿಂದ ತೋರಿಸಿದನು. ವ್ಯಾಸ ಐದು ಪಟ್ಟಾದರೆ ಸುಮಾರು ಒಂಬತ್ತು ಚಿತ್ರಗಳಲ್ಲಿ ಒಂದು ಒಳ್ಳೆಯದು. ಏಳು ಪಟ್ಟಾದರೆ ಸುಮಾರು ೩೭೦ರಲ್ಲಿ ಒಂದು. ಹತ್ತು ಪಟ್ಟಾದರೆ ಹತ್ತು ಲಕ್ಷದಲ್ಲಿ ಒಂದು! ಎರಡು ವಿಕಲೆಯ ರಾತ್ರಿಯಲ್ಲಿ ೩೫ ಸೆಂಟಿಮೀಟರಿನ ದೂರದರ್ಶಕವಿದ್ದವನು ಸೆಕೆಂಡಿಗೆ ನೂರರಂತೆ ಎರಡು ನಿಮಿಷ ಚಿತ್ರಗಳನ್ನು ತೆಗೆದನೆನ್ನಿ. ೧೨,೦೦೦ ಚಿತ್ರಗಳಾಗುವುವು, ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ನಿರ್ಮಲವಾದವು ಸಿಕ್ಕಬೇಕು. ೫೦ ಸೆಂಟಿಮೀಟರಿನವನಿಗಾದರೋ ಅಂಥ ಒಂದು ಚಿತ್ರಕ್ಕಾಗಿ ಎರಡೂ ಮುಕ್ಕಾಲು ಗಂಟೆ ಕಾಯಬೇಕಾಗಬಹುದು; ಅಷ್ಟರಲ್ಲಿ ಗುರುಗ್ರಹ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಬಿಟ್ಟಿರುವುದು. ಈ ಆಟದಲ್ಲಿ ಹವ್ಯಾಸಿಯ ಮಧ್ಯಮ ಗಾತ್ರದ ದೂರದರ್ಶಕಕ್ಕೆ ಅನುಕೂಲ ಹೆಚ್ಚೆಂಬುದು ಇದರಿಂದ ಸ್ಪಷ್ಟ. ಬಡವನ ಪಕ್ಷ ವಹಿಸುವ ಗಣಿತ ಲೋಕದಲ್ಲಿ ವಿರಳ.

ಫ್ರೀಡ್ ಲೆಕ್ಕ ಹಾಕಿದಾಗ ಇದನ್ನು ಆಚರಣೆಗೆ ತರುವ ಸಾಧನ ಹವ್ಯಾಸಿಗಳ ಕೈಯಲ್ಲಿರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದೂರದವರೊಡನೆ ಮುಖ ನೋಡಿ ಮಾತಾಡಲೆಂದು ಮಾರುಕಟ್ಟೆಗೆ ಬಂದ ಅಗ್ಗದ ವೆಬ್ ಕ್ಯಾಮೆರಾ ಆ ಕೊರತೆಯನ್ನು ತುಂಬಿತು. ಅದರ ಮಸೂರವನ್ನು ತಿರುಗಿಸಿ ತೆಗೆದು, ಅದನ್ನು ದೂರದರ್ಶಕದ ಕಣ್ಮಸೂರದ ಜಾಗದಲ್ಲಿ ಸಿಕ್ಕಿಸಿದವರು ಹವ್ಯಾಸಿಗಳೇ. ಛಾಯಾಚಿತ್ರದ ಹಳೆಯ ಫಿಲ್ಮು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಉಪಯೋಗಿಸಿಕೊಳ್ಳುತ್ತಿತ್ತು. ಸಿಲಿಕಾನಿನ ತಗಡು ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುವುದು. ಆದುದರಿಂದ ಗುರುವಿಗೆ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲ ಸಾಕು. ಗಾಳಿ ಅಲುಗುವ ಮೊದಲೇ ಚಿತ್ರ ಮುಗಿದಿರುವುದು. ಈಗ ಇದೇ ಕೆಲಸಕ್ಕಾಗಿ ತಯಾರಾದ ಕ್ಯಾಮೆರಾಗಳು ದೊರೆಯುತ್ತವೆ.

ಮುಂದಿನದು ಕಂಪ್ಯೂಟರಿನ ಕೆಲಸ. ಚುರುಕಾದ ಚಿತ್ರದಲ್ಲಿ ಅಕ್ಕಪಕ್ಕದ ಚುಕ್ಕೆಗಳ ಹೊಳಪಿನ ಅಂತರ ಹೆಚ್ಚು, ಮಸುಕಾದುದರಲ್ಲಿ ಕಡಿಮೆ. ಈ ಒಂದು ಗುರುತಿನಿಂದ ಹನ್ನೆರಡು ಸಾವಿರ ಚಿತ್ರಗಳನ್ನೂ ಅದು ಅಂಕಕೊಟ್ಟು ಸಾಲಾಗಿ ನಿಲ್ಲಿಸುವುದು, ಪರೀಕ್ಷೆಯ ಫಲಿತಾಂಶದ ಪಟ್ಟಿಯಂತೆ. ಮೇಲಿನ ಹತ್ತರಲ್ಲೊಂದು ಪಾಲನ್ನು ಇಟ್ಟುಕೊಂಡು ಉಳಿದುದನ್ನು ತಳ್ಳಿಬಿಡುವುದು ವಾಡಿಕೆ. ಗಾಳಿ ಬಿಂಬದ ಎಲ್ಲ ಭಾಗಗಳನ್ನೂ ಒಂದೇ ಕಡೆಗೆ ಎಳೆಯುವುದಿಲ್ಲವಾದ ಕಾರಣ, ಬಿಂಬವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡನ್ನೂ ಅದರ ಸ್ಥಾನಕ್ಕೆ ಸರಿಸಿ, ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯಲಾಗುವುದು. ಹಾಲೆಂಡಿನ ಹವ್ಯಾಸಿ ಕೋರ್ ಬೆರೆವೂಟ್ಸ್ ಈ ಕೆಲಸಕ್ಕೆಂದು ರೆಜಿಸ್ಟಾಕ್ಸ್ ಎಂಬ ಕಾರ್ಯಕ್ರಮವನ್ನು ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದುದು ಸ್ಮರಣೀಯ.

ಕೂಡಿಸುವುದು ಏಕೆ? ಅತ್ಯುತ್ತಮವಾದ ಒಂದೇ ಚಿತ್ರ ಸಾಲದೆ? ಸಾಲದು. ನೂರನೆಯ ಒಂದು ಸೆಕೆಂಡಿನಲ್ಲಿ ಬಂದು ಬೀಳುವ ಬೆಳಕು ಅಲ್ಪವಾದುದರಿಂದ ಒಂಟಿ ಚಿತ್ರ ಮರಳು ಎರಚಿದಂತೆ ಒರಟಾಗಿರುವುದು. ಈ ಮರಳು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಕಡೆ ಬೀಳುವುದು. ಗ್ರಹದ ಪಟ್ಟೆಯಾದರೋ ಒಂದೇ ಕಡೆ ಇರುವುದು. ಕೂಡಿಸಿದಷ್ಟೂ ಪಟ್ಟೆ ಗಟ್ಟಿಯಾಗಿ ಮರಳು ಅಳಿಸಿಹೋಗುವುದು. ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಲಾಭ ಎಂಬುದು ಇಲ್ಲಿನ ನಿಯಮ. ೧,೨೦೦ ಚಿತ್ರಗಳನ್ನು ಕೂಡಿಸಿದರೆ ಒರಟುತನ ಸುಮಾರು ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಯುವುದು. ಹಾಗೆಂದು ರಾತ್ರಿಯೆಲ್ಲ ತೆಗೆಯುತ್ತ ಕೂಡುವಂತಿಲ್ಲ. ಗುರು ಹತ್ತು ಗಂಟೆಗಿಂತ ತುಸು ಕಡಿಮೆ ಕಾಲದಲ್ಲಿ ತನ್ನ ಸುತ್ತ ಒಮ್ಮೆ ತಿರುಗುವುದು. ಅದರ ಬಿಂಬದ ನಡುವಿನ ಮಚ್ಚೆ ನಿಮಿಷಕ್ಕೆ ಕಾಲು ವಿಕಲೆಯಷ್ಟು ಸರಿಯುವುದರಿಂದ ಎರಡು ನಿಮಿಷದೊಳಗೆ ಮುಗಿಸದಿದ್ದರೆ ಗಾಳಿ ಬಿಟ್ಟುಕೊಟ್ಟ ವಿವರವನ್ನು ಗ್ರಹವೇ ಕೆಡಿಸುವುದು. ಮಂಗಳ ನಿಧಾನಿ, ಅಲ್ಲಿ ಐದಾರು ನಿಮಿಷ ನಡೆಯುವುದು.

ಕೂಡಿಸಿದ ಚಿತ್ರ ಮೊದಲು ನೋಡುವುದಕ್ಕೆ ಮೆತ್ತಗೆ ಮಸುಕಾಗಿಯೇ ಇರುವುದು. ಅದರಲ್ಲಿ ಅಡಗಿರುವ ಸೂಕ್ಷ್ಮ ವಿವರಗಳ ವೈದೃಶ್ಯವನ್ನು ಗಣಿತದಿಂದ ಎತ್ತಿ ತೋರಿಸಬೇಕು. ಅಪಾಯವಿರುವುದು ಇಲ್ಲಿಯೇ. ಎತ್ತುವ ಕೈ ಅಳತೆ ಮೀರಿದರೆ, ಉಳಿದ ಮರಳಿನ ಕಣಗಳೇ ಮೋಡಗಳಾಗಿ ವೇಷ ತೊಡುವುವು. ಮಂಗಳನ ಹೊಳೆಯುವ ಅಂಚಿನ ಒಳಗಡೆ ಕಿತ್ತಳೆಯ ಸಿಪ್ಪೆಯಂತೆ ಒಂದು ಹುಸಿ ಬಳೆ ಮೂಡುವುದನ್ನು ಬಲ್ಲವರೆಲ್ಲ ಬಲ್ಲರು. ಇತ್ತೀಚೆಗೆ, ಬೇರೆ ಸಾವಿರಾರು ಚಿತ್ರಗಳನ್ನು ನೋಡಿ ಕಲಿತ ಕಂಪ್ಯೂಟರ್ ಕಾರ್ಯಕ್ರಮಗಳು ಮಸುಕಾದ ಚಿತ್ರವನ್ನು ಚುರುಕುಗೊಳಿಸಿಕೊಡುತ್ತವೆ. ನನ್ನ ಅಭಿಪ್ರಾಯದಲ್ಲಿ ಅಳತೆಗೆ ಉಪಯೋಗವಾಗಬೇಕಾದ ಚಿತ್ರಕ್ಕೆ ಇವು ತಕ್ಕುವಲ್ಲ. ಅಲ್ಲಿ ಏನಿದೆಯೋ ಅದನ್ನಲ್ಲದೆ, ಅಂಥ ಕಡೆ ಸಾಮಾನ್ಯವಾಗಿ ಏನಿರುತ್ತದೆಯೋ ಅದನ್ನೂ ಅವು ಬರೆದುಬಿಡಬಲ್ಲುವು. ಲೋವೆಲ್ಲನ ಕಣ್ಣು ಮಾಡಿದುದೂ ಇದನ್ನೇ ಅಲ್ಲವೆ? ನಿಜವನ್ನು ಗುರುತಿಸಲು ಒಂದು ಸರಳವಾದ ಪರೀಕ್ಷೆಯುಂಟು. ಹತ್ತು ನಿಮಿಷ ಬಿಟ್ಟು ಇನ್ನೊಂದು ಕಂತು ಚಿತ್ರಗಳನ್ನು ತೆಗೆದು, ಅದನ್ನೂ ಬೇರೆಯಾಗಿ ಸಿದ್ಧಪಡಿಸಬೇಕು. ಎರಡರಲ್ಲಿಯೂ ಮಚ್ಚೆ ಕಂಡು, ಗ್ರಹದ ತಿರುಗುವಿಕೆಗೆ ಸರಿಯಾಗಿ ಸರಿದಿದ್ದರೆ ಅದು ಗ್ರಹದ್ದು. ಸರಿಯದಿದ್ದರೆ ಅದು ನಮ್ಮದು.

೨೦೦೯ರ ಜುಲೈ ೧೯ರ ರಾತ್ರಿ ಆಸ್ಟ್ರೇಲಿಯದ ಮರಂಬೇಟ್‌ಮನ್ ಎಂಬ ಹಳ್ಳಿಯಲ್ಲಿ ನಡೆದುದು ಸರಿಯಾಗಿ ಈ ಪರೀಕ್ಷೆಯೇ. ಆ್ಯಂಟನಿ ವೆಸ್ಲಿ ಎಂಬ ಹವ್ಯಾಸಿ, ವೃತ್ತಿಯಿಂದ ಕಂಪ್ಯೂಟರ್ ಕಾರ್ಯಕ್ರಮ ಬರೆಯುವವನು, ತಾನೇ ಕಟ್ಟಿಕೊಂಡಿದ್ದ ಸುಮಾರು ೩೭ ಸೆಂಟಿಮೀಟರಿನ ದೂರದರ್ಶಕದಲ್ಲಿ ಗುರುವಿನ ಚಿತ್ರ ತೆಗೆಯುತ್ತಿದ್ದನು. ಗಾಳಿ ಕೆಡುತ್ತ ಬಂದುದರಿಂದ ನಿಲ್ಲಿಸಿಬಿಡಬೇಕೆಂದುಕೊಂಡವನು, ಅರ್ಧ ಗಂಟೆ ಒಳಗೆ ಹೋಗಿ ವಿಶ್ರಮಿಸಿ ಮರಳಿ ಬಂದನು. ಆಗ ಗುರುವಿನ ದಕ್ಷಿಣ ಧ್ರುವದ ಬಳಿ ಒಂದು ಕಪ್ಪು ಮಚ್ಚೆ ಕಾಣಿಸಿತು. ಉಪಗ್ರಹವಿರಬಹುದೆ? ಉಪಗ್ರಹದ ನೆರಳಿರಬಹುದೆ? ಅವೆರಡೂ ಗ್ರಹದ ಮೇಲೆ ತಮ್ಮದೇ ವೇಗದಲ್ಲಿ ಸರಿಯುವುವು. ಈ ಮಚ್ಚೆಯಾದರೋ ಗ್ರಹದೊಡನೆಯೇ ತಿರುಗುತ್ತಿತ್ತು. ಎರಡು ದಿನಗಳ ಹಿಂದಿನ ಅವನ ಚಿತ್ರಗಳಲ್ಲಿ ಅದರ ಸುಳಿವಿರಲಿಲ್ಲ. ಯಾವುದೋ ಕಾಯ ಗುರುವಿಗೆ ಬಡಿದಿರಬೇಕೆಂದು ಅರಿತು ಅವನು ಕೂಡಲೇ ವಿಜ್ಞಾನಿಗಳಿಗೆ ತಿಳಿಸಿದನು. ಮರುದಿನವೇ ಹವಾಯಿ ದ್ವೀಪದಲ್ಲಿರುವ ನಾಸಾದ ಅವಕೆಂಪು ದೂರದರ್ಶಕ ಆ ಜಾಗದತ್ತ ತಿರುಗಿ ಅದನ್ನು ದೃಢಪಡಿಸಿತು. ಜುಲೈ ೨೩ರಂದು ಹಬಲ್ ದೂರದರ್ಶಕವೂ ಅದರ ಚಿತ್ರ ತೆಗೆಯಿತು. ಬಡಿದ ಕಾಯ ಕೆಲವು ನೂರು ಮೀಟರು ಅಗಲದ್ದೆಂದು ಅಂದಾಜು. ಅದಕ್ಕೆ ಸರಿಯಾಗಿ ಹದಿನೈದು ವರ್ಷಗಳ ಹಿಂದೆ, ೧೯೯೪ರ ಜುಲೈಯಲ್ಲಿ, ಶೂಮೇಕರ್–ಲೆವಿ ಧೂಮಕೇತುವಿನ ತುಂಡುಗಳು ಗುರುವಿಗೆ ಬಡಿದಾಗ ಲೋಕವೇ ಮುಂಚಿತವಾಗಿ ತಿಳಿದು ಕಾದಿತ್ತು. ಈ ಸಲ ಕಾದಿದ್ದವನು ಒಬ್ಬನೇ.

ಮರುವರ್ಷ ಜೂನ್ ೩ರಂದು ಇನ್ನೂ ಸ್ವಾರಸ್ಯದ ಘಟನೆ ನಡೆಯಿತು. ಗುರುವಿನ ಮೇಲೆ ಎರಡು ಸೆಕೆಂಡಿನಷ್ಟು ಕಾಲ ಒಂದು ಮಿಂಚು ಹೊಳೆದು ಆರಿತು. ಅದು ಕೂಡ ವೆಸ್ಲಿಯ ಕ್ಯಾಮೆರಾದಲ್ಲಿ ಸಿಕ್ಕಿತು. ಒಬ್ಬನೇ ಕಂಡಿದ್ದರೆ ನಮ್ಮ ವಾತಾವರಣದಲ್ಲಿಯೇ ಉರಿದ ಉಲ್ಕೆ ಎಂದು ಯಾರಾದರೂ ಅನ್ನಬಹುದಿತ್ತು. ಆದರೆ ಸಾವಿರಾರು ಕಿಲೋಮೀಟರು ದೂರದ ಫಿಲಿಪೀನ್ಸಿನಲ್ಲಿ ಕ್ರಿಸ್ಟೊಫರ್ ಗೋ ಎಂಬ ಇನ್ನೊಬ್ಬ ಹವ್ಯಾಸಿಯ ಚಿತ್ರಗಳಲ್ಲಿಯೂ, ಅದೇ ಕ್ಷಣದಲ್ಲಿ, ಬಿಂಬದ ಅದೇ ಜಾಗದಲ್ಲಿ, ಅದೇ ಮಿಂಚು ಇತ್ತು. ಹತ್ತು ಮೀಟರಿನ ಆಸುಪಾಸಿನ ಬಂಡೆಯೊಂದು ಗುರುವಿನ ಮೇಲೆ ಉರಿದುಹೋದುದನ್ನು ಮನುಷ್ಯನು ಭೂಮಿಯಿಂದ ಕಂಡುದು ಅದೇ ಮೊದಲು. ಇದೇ ಗೋ ೨೦೦೬ರ ಫೆಬ್ರವರಿಯಲ್ಲಿ ಗುರುವಿನ ಬಿಳಿಯ ಸುಳಿಯೊಂದು ಕೆಂಪಾಗಿರುವುದನ್ನು ಮೊದಲು ಗಮನಿಸಿದವನು. ದೊಡ್ಡ ದೂರದರ್ಶಕಗಳ ರಾತ್ರಿಗಳನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಡುವರು; ಅವು ದಿನಾಲೂ ಗುರುವನ್ನೇ ನೋಡುತ್ತ ಕೂಡಲಾರವು. ಹವ್ಯಾಸಿಗೆ ಅಂಥ ಕಟ್ಟಳೆಯಿಲ್ಲ.

ಚಂದ್ರನ ವಿಷಯದಲ್ಲಿ ಹೊಸ ಶೋಧನೆಯ ಆಸೆ ಕಡಿಮೆ, ಆದರೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಬೆಳಕಿಗೆ ಬರವಿಲ್ಲ. ಅಲ್ಲಿ ಒಂದು ವಿಕಲೆಯೆಂದರೆ ಸುಮಾರು ೧.೯ ಕಿಲೋಮೀಟರು. ಪ್ಲೇಟೊ ಎಂಬ ನೂರು ಕಿಲೋಮೀಟರಿನ ಕುಳಿಯ ತಳ ಮೊದಲ ನೋಟಕ್ಕೆ ಸಾರಿಸಿದ ಅಂಗಳದಂತೆ ನುಣುಪು. ಅದರಲ್ಲಿ ಎರಡು ಕಿಲೋಮೀಟರಿನ ಆಜುಬಾಜಿನ ಕೆಲವು ಮರಿಕುಳಿಗಳಿವೆ. ೨೦ ಸೆಂಟಿಮೀಟರಿನ ದೂರದರ್ಶಕದ ಚಿತ್ರದಲ್ಲಿ ಅವು ಮೂಡಿದರೆ ಗಾಳಿ, ಕನ್ನಡಿ, ಕೈ ಮೂರೂ ಚೆನ್ನಾಗಿವೆಯೆಂದು ತಿಳಿಯಬಹುದು. ಹಗಲಿರುಳುಗಳ ಗಡಿಯ ಬಳಿ ನೆರಳುಗಳು ಉದ್ದವಾಗಿ ವಿವರ ಹೆಚ್ಚು. ಆ ಗಡಿ ಚಂದ್ರನ ಸಮಭಾಜಕದಲ್ಲಿ ಗಂಟೆಗೆ ಸುಮಾರು ೧೫ ಕಿಲೋಮೀಟರಿನಂತೆ, ಸೈಕಲ್ ಸವಾರನ ನಡೆಯಲ್ಲಿ, ಸಾಗುವುದು. ಒಂದೇ ರಾತ್ರಿಯಲ್ಲಿ ಕುಳಿಗಳ ಮುಖ ಬದಲಾಗುವುದನ್ನು ಚಿತ್ರಗಳಲ್ಲಿ ಹಿಡಿಯಬಹುದು.

ಸೂರ್ಯನ ಮಾತೇ ಬೇರೆ. ಅಲ್ಲಿ ಮೊದಲ ಪಾಠ ಎಚ್ಚರಿಕೆ. ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ, ಸೂರ್ಯವೀಕ್ಷಣೆಗೆಂದೇ ತಯಾರಾದ ಸೋಸುಫಲಕವನ್ನು ದೂರದರ್ಶಕದ ಮುಂಬಾಯಿಗೆ, ಗಾಳಿಗೆ ಬೀಳದಂತೆ, ಭದ್ರವಾಗಿ ಕಟ್ಟದೆ ಸೂರ್ಯನತ್ತ ತಿರುಗಿಸಲೇ ಕೂಡದು. ಕಣ್ಮಸೂರಕ್ಕೆ ತಿರುಚಿ ಕೂಡಿಸುವ ಕಪ್ಪು ಗಾಜುಗಳು ಕಾಯ್ದು ಸೀಳುವುದುಂಟು. ಸೀಳಿದರೆ ಕಣ್ಣು ಹೋಯಿತು. ಗುರಿ ಹಿಡಿಯುವ ಚಿಕ್ಕ ದೂರದರ್ಶಕವನ್ನೂ ಮುಚ್ಚಿರಬೇಕು. ಸೂರ್ಯನ ಮೈಯೆಲ್ಲ ಹರಡಿರುವ ಅಕ್ಕಿಕಾಳಿನಂಥ ಕಣಗಳು ಒಂದೊಂದೂ ಸಾವಿರ ಕಿಲೋಮೀಟರಿನಷ್ಟು ಅಗಲವಿದ್ದರೂ, ಇಲ್ಲಿಂದ ಸುಮಾರು ಒಂದೂವರೆ ವಿಕಲೆ ಮಾತ್ರ. ಹತ್ತು ನಿಮಿಷಗಳಲ್ಲಿ ಅವು ಹುಟ್ಟಿ ಅಳಿಯುವುವು. ಬಿಸಿಲಿಗೆ ನೆಲ ಕಾದರೆ ಗಾಳಿ ಕುದಿಯುವುದರಿಂದ ಬೆಳಗಿನ ಮೊದಲ ಒಂದೆರಡು ಗಂಟೆಗಳೇ ಈ ಕೆಲಸಕ್ಕೆ ಒಳ್ಳೆಯವು. ಕೊಡೈಕನಾಲಿನ ವೀಕ್ಷಣಾಲಯದಲ್ಲಿ ೧೯೦೪ರಿಂದ ಸೂರ್ಯನ ದೈನಂದಿನ ಛಾಯಾಚಿತ್ರಗಳನ್ನು ತೆಗೆಯಲಾರಂಭಿಸಿದರು. ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆಡಳಿತಕ್ಕೆ ಸೇರಿದ ಈ ಸಂಗ್ರಹ, ಒಂದು ಶತಮಾನದ ಸೂರ್ಯಕಲಂಕಗಳ ಲೆಕ್ಕವನ್ನು ಕೊಡಬಲ್ಲ ಲೋಕದ ಕೆಲವೇ ಸಂಗ್ರಹಗಳಲ್ಲಿ ಒಂದು.

ನಮ್ಮ ನಾಡಿನ ಹವ್ಯಾಸಿಗೆ ದೊರೆತಿರುವ ಒಂದು ಅನುಕೂಲವನ್ನು ಇಲ್ಲಿ ಹೇಳಬೇಕು. ಗ್ರಹಗಳ ದಾರಿ ಕರ್ನಾಟಕದ ಆಕಾಶದಲ್ಲಿ ನೆತ್ತಿಗೆ ಸಮೀಪವಾಗಿ ಹಾಯುವುದು. ನೆತ್ತಿಯ ಮೇಲಿನ ಗ್ರಹದ ಬೆಳಕು ದಾಟುವ ಗಾಳಿಗಿಂತ ದಿಗಂತದಿಂದ ೩೦ ಡಿಗ್ರಿ ಎತ್ತರದ ಗ್ರಹದ ಬೆಳಕು ದಾಟುವ ಗಾಳಿ ಎರಡರಷ್ಟು. ಇಂಗ್ಲೆಂಡಿನ ಪ್ರಸಿದ್ಧ ಗ್ರಹಛಾಯಾಗ್ರಾಹಕ ಡೇಮಿಯನ್ ಪೀಚ್, ತನ್ನ ಊರಿನಲ್ಲಿ ಗ್ರಹಗಳು ತಗ್ಗಿನಲ್ಲಿಯೇ ಉಳಿದ ವರ್ಷಗಳಲ್ಲಿ, ದೂರದರ್ಶಕವನ್ನು ಹೊತ್ತು ಅಟ್ಲಾಂಟಿಕಿನ ಆಚೆಯ ಬಾರ್ಬಡೋಸ್ ದ್ವೀಪಕ್ಕೆ ಹೋಗುತ್ತಿದ್ದನು. ಆ ದ್ವೀಪದ ಅಕ್ಷಾಂಶ ೧೩ ಡಿಗ್ರಿ, ಬೆಂಗಳೂರಿನದೂ ಅಷ್ಟೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಬಿರುಸಾಗಿ ಹರಿಯುವ ಗಾಳಿಯ ಹೊನಲು ಕೂಡ ನಮ್ಮಿಂದ ದೂರ. ಇಷ್ಟೆಲ್ಲ ಇದ್ದೂ ಸಿಮೆಂಟಿನ ತಾರಸಿಯ ಮೇಲೆ ನಿಂತರೆ ಕೆಲಸ ಕೆಡುವುದು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ನಡುರಾತ್ರಿಯವರೆಗೆ ಉಗುಳುತ್ತಿರುವುದು. ಹುಲ್ಲುನೆಲ ಉತ್ತಮ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗುವಂತೆ ಮಾಡಬೇಕು. ಕನ್ನಡಿಗಳ ಅಕ್ಷಗಳು ಒಂದೇ ಗೆರೆಯಲ್ಲಿ ಕೂಡಿವೆಯೆ ಎಂದು ಪ್ರತಿ ರಾತ್ರಿಯೂ ನೋಡಬೇಕು. ಮೊದಲಲ್ಲಿ ವಿಶೇಷ ಕ್ಯಾಮೆರಾ ಬೇಕೆಂದೇನೂ ಇಲ್ಲ. ೧೫ ಸೆಂಟಿಮೀಟರಿನ ದೂರದರ್ಶಕದ ಕಣ್ಮಸೂರಕ್ಕೆ ಮೊಬೈಲ್ ಫೋನನ್ನು ಒಂದು ಹಿಡಿಕೆಯಿಂದ ಭದ್ರಪಡಿಸಿ, ಎರಡು ನಿಮಿಷದ ಚಲಚ್ಚಿತ್ರ ತೆಗೆದು, ಉಚಿತವಾಗಿ ದೊರೆಯುವ ಕಾರ್ಯಕ್ರಮಗಳಿಂದ ಕೂಡಿಸಿದರೂ ಗುರುವಿನ ಎರಡು ಮುಖ್ಯ ಪಟ್ಟೆಗಳೂ ಶನಿಯ ಬಳೆಯೂ ಚೆನ್ನಾಗಿ ಬರುವುವು.

ಚಿತ್ರದೊಡನೆ ದಿನಾಂಕವನ್ನೂ ವೇಳೆಯನ್ನೂ ನಿಮಿಷದವರೆಗೆ ಸರಿಯಾಗಿ ಬರೆದಿಡಬೇಕು. ವೇಳೆಯನ್ನು ಗ್ರೀನಿಚ್ಚಿನ ಲೆಕ್ಕದಲ್ಲಿ, ಎಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು, ಬರೆಯುವುದು ಎಲ್ಲ ದೇಶಗಳ ಪದ್ಧತಿ. ದೂರದರ್ಶಕದ ವ್ಯಾಸ, ಗಾಳಿಯ ಸ್ಥಿತಿ, ಯಾವ ಬಣ್ಣದ ಗಾಜಿನ ಮೂಲಕ ತೆಗೆದುದು, ಇವೂ ಇರಲಿ. ವೇಳೆಯಿಲ್ಲದ ಚಿತ್ರದಿಂದ ಮಚ್ಚೆಯ ರೇಖಾಂಶವನ್ನು ಕಂಡುಹಿಡಿಯುವಂತಿಲ್ಲ. ನೋಡಲು ಎಷ್ಟೇ ಚೆನ್ನಾಗಿದ್ದರೂ ವಿಜ್ಞಾನಕ್ಕೆ ಅದು ಒದಗದು. ೧೮೯೦ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಖಗೋಳ ಸಂಘ, ಸ್ಪೇನಿನ ಬಾಸ್ಕ್ ವಿಶ್ವವಿದ್ಯಾಲಯದವರು ನಡೆಸುವ ಗ್ರಹಚಿತ್ರಗಳ ಭಂಡಾರ ಮುಂತಾದುವು ಯಾವ ದೇಶದ ಹವ್ಯಾಸಿಯ ಚಿತ್ರವನ್ನಾದರೂ, ಈ ವಿವರಗಳಿದ್ದರೆ, ಸ್ವೀಕರಿಸುತ್ತವೆ.